ಗಾಳಿಯ ದಾರಿಗೆ ಇಟ್ಟ ಅರಳೆ

ಹೊಸದಾಗಿ ಡ್ರೆಸರ್ ಕೆಲಸಕ್ಕೆ ಸೇರುವವರು ಮೊದಲು ಕತ್ತರಿ ಹಿಡಿಯಲು ಕಲಿಯಬೇಕೆಂದು ತಿಳಿದಿರುತ್ತಾರೆ. ಅದು ಆಮೇಲಿನ ಮಾತು. ಮೊದಲು ಕಲಿಯಬೇಕಾದದ್ದು ನೀರು ಕುದಿಯುವ ತನಕ ಸುಮ್ಮನೆ ನಿಲ್ಲುವುದನ್ನು. ಒಳಗೆ ರೋಗಿ ನರಳುತ್ತಿರುತ್ತಾನೆ, ಹೊರಗೆ ಅವನ ಬಳಗ ಬಾಗಿಲು ಬಡಿಯುತ್ತಿರುತ್ತದೆ, ಒಲೆ ಹೊಗೆ ಕಾರುತ್ತಿರುತ್ತದೆ. ಆಗಲೂ ನೀವು ನಿಲ್ಲಬೇಕು. ನಾನು ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಹಾಗೆ ನಿಂತವನು. ಒಂದೇ ಒಂದು ಸಲ ನಿಲ್ಲಲಿಲ್ಲ. ಆ ಒಂದು ಸಲದ್ದನ್ನು ಹೇಳಲಿಕ್ಕೇ ಇಷ್ಟು ಕಾಗದ ತೆಗೆದುಕೊಂಡು ಕುಳಿತಿದ್ದೇನೆ. ಆದರೆ ನೇರವಾಗಿ ಅಲ್ಲಿಗೆ ಹೋಗಲು ಧೈರ್ಯ ಸಾಲದು. ಸ್ವಲ್ಪ ಸುತ್ತು ಹಾಕಿ ಬರುತ್ತೇನೆ, ಸಿಟ್ಟಾಗಬೇಡಿ.

ನನ್ನ ಹೆಸರು ಬಸಪ್ಪ. ಹುಟ್ಟಿದ್ದು ಬೈಲಹೊಂಗಲದ ಮಗ್ಗುಲಿನ ಒಂದು ಹಳ್ಳಿಯಲ್ಲಿ. ಎಲ್ಲಿ ನೋಡಿದರೂ ಕರಿ ಮಣ್ಣು, ಹತ್ತಿ, ಜೋಳ. ಕೆಲಸ ಮಾಡಿದ್ದು ಮಲಪ್ರಭೆಯ ದಂಡೆಯ ಒಂದು ಸಣ್ಣ ದವಾಖಾನೆಯಲ್ಲಿ. ಆ ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಗುರುತು ಹತ್ತುವ ಜನ ಇನ್ನೂ ಇದ್ದಾರೆ. ಸವದತ್ತಿ, ಮುನವಳ್ಳಿ, ರಾಮದುರ್ಗ ಮೂರೂ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ರೋಗಿಗಳು ಬರುತ್ತಿದ್ದರು ಎಂದರೆ ಸಾಕು. ಕಿತ್ತೂರಿನ ಕಡೆಯವರೂ ಒಮ್ಮೊಮ್ಮೆ ಬರುತ್ತಿದ್ದರು. ದೂರದ ದವಾಖಾನೆಯ ಔಷಧಕ್ಕೆ ಗುಣ ಹೆಚ್ಚು ಎಂದು ಅವರ ನಂಬಿಕೆ.

ಡ್ರೆಸರ್ ಎಂದರೆ ಹುಣ್ಣು ತೊಳೆದು ಪಟ್ಟಿ ಕಟ್ಟುವವನು. ಔಷಧ ಕೊಡುವವನು ಕಂಪೌಂಡರ್, ಕೊಯ್ಯುವವನು ಡಾಕ್ಟರ್. ಉಳಿದದ್ದೆಲ್ಲ ನಮ್ಮದು. ಕಾಲು ಹಿಡಿಯುವುದು, ಕೀವಿನ ಬೋಗುಣಿ ಎತ್ತುವುದು, ಅಳುವವರಿಗೆ ಎರಡು ಮಾತು ಹೇಳುವುದು, ಸತ್ತವರ ಕಣ್ಣು ಮುಚ್ಚುವುದು. ಹೊಗಳಿಕೆಗೆ ಕಡೆಯವನು, ಬೈಗುಳಕ್ಕೆ ಮೊದಲನೆಯವನು. ಹಾಗೆಂದು ಕೆಲಸ ಬೇಸರವೆನಿಸಲಿಲ್ಲ. ಜನ ನಮ್ಮನ್ನು ನಂಬುತ್ತಿದ್ದರು. ಡಾಕ್ಟರ ಮುಂದೆ ಬಾಯಿ ಬಿಡದವರು ನಮ್ಮ ಮುಂದೆ ಬಿಡುತ್ತಿದ್ದರು.

ನಾನು ಸೇರಿದಾಗ ಇದ್ದ ಡಾಕ್ಟರರನ್ನು ಊರವರು ಪಲ್ಟಣ್ ಸಾಹೇಬರು ಎನ್ನುತ್ತಿದ್ದರು. ಪಲ್ಟಣಿನ, ಎಂದರೆ ದಂಡಿನ, ದವಾಖಾನೆಯಲ್ಲಿ ಕೆಲಸ ಮಾಡಿ ಮುದುಕರಾಗಿ ನಮ್ಮಲ್ಲಿಗೆ ಬಂದವರು. ಎದೆ ದೊಡ್ಡದು, ಬಾಯಿ ಇನ್ನೂ ದೊಡ್ಡದು. ಚಾಕುವನ್ನು ಕೋಟಿನ ಅಂಚಿಗೆ ಒರೆಸುತ್ತಿದ್ದರು. ಹೊಲಿಯುವ ದಾರವನ್ನು ತುಟಿಯಲ್ಲಿ ಕಚ್ಚಿಕೊಂಡು, ಅದರ ಸಂದಿಯಿಂದಲೇ ನನ್ನನ್ನು ಬೈಯುತ್ತಿದ್ದರು. ಆ ಕೋಟನ್ನು ಅವರು ತೊಳೆಯಲು ಹಾಕಿದ್ದನ್ನು ನಾನು ಕಂಡಿಲ್ಲ. ಅದರ ಮೇಲೆ ರಕ್ತ ಒಣಗಿದಷ್ಟೂ ಡಾಕ್ಟರನ ಅನುಭವ ಹೆಚ್ಚು ಎಂದು ಅವರ ಲೆಕ್ಕ. ಅವರ ಕೈಯಲ್ಲಿ ಗುಣವಾದವರೂ ಇದ್ದರು, ಅದು ಅವರವರ ಪುಣ್ಯ.

ಹೊಟ್ಟೆಯಲ್ಲಿ ನೀರು ತುಂಬಿದ ರೋಗಿಗಳು ನಮ್ಮಲ್ಲಿ ಬಹಳ. ಹೊಟ್ಟೆ ನೀರಿನ ಕೊಡದಷ್ಟು ದೊಡ್ಡದಾಗುತ್ತದೆ, ಕೈಕಾಲು ಕಡ್ಡಿಯಾಗುತ್ತವೆ, ಉಸಿರು ಮೇಲೆ ಹತ್ತುತ್ತದೆ. ಅದಕ್ಕೆ ಟ್ರೋಕಾರ್ ಎಂಬ ಸಾಮಾನು ಇತ್ತು. ಬೆರಳುದ್ದದ ಬೆಳ್ಳಿ ನಳಿಕೆ, ಅದರೊಳಗೆ ಮೂರು ಮೂಲೆಯ ಮೊನೆಯುಳ್ಳ ಸೂಜಿ. ಎರಡನ್ನೂ ಕೂಡಿಸಿ ಹೊಕ್ಕುಳ ಕೆಳಗೆ ಚುಚ್ಚುವುದು, ಸೂಜಿ ಹಿಂದಕ್ಕೆ ಎಳೆಯುವುದು. ನಳಿಕೆಯಿಂದ ನೀರು ಬಕೀಟಿಗೆ ಬೀಳುತ್ತದೆ. ತೂತು ಜೋಳದ ಕಾಳು ಹೋಗುವಷ್ಟು ಮಾತ್ರ. ಇಷ್ಟು ಸಣ್ಣ ತೂತಿನಿಂದ ಏನಾದೀತು ಎಂದು ಎಲ್ಲರಿಗೂ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು.

ನೀರು ಇಳಿಯುವಾಗ ಹೊಟ್ಟೆಗೆ ಸುತ್ತಿದ ಅಗಲ ಪಟ್ಟಿಯನ್ನು ಹಂತ ಹಂತವಾಗಿ ಬಿಗಿಯಬೇಕು, ಇಲ್ಲದಿದ್ದರೆ ರೋಗಿಯ ಜೀವ ಒಮ್ಮೆಲೇ ಕುಸಿಯುತ್ತದೆ. ಮೊದಲ ವರ್ಷ ಸವದತ್ತಿಯ ಒಬ್ಬ ಕುಂಬಾರನ ನೀರು ತೆಗೆಯುವಾಗ ನಾನು ಬಕೀಟು ತುಂಬುವುದನ್ನೇ ಬಾಯಿ ತೆರೆದು ನೋಡುತ್ತ ಪಟ್ಟಿ ಬಿಗಿಯುವುದನ್ನು ಮರೆತೆ. ಆತ ಕಣ್ಣು ಮೇಲೆ ಮಾಡಿ ವಾಲಿದ. ಪಲ್ಟಣ್ ಸಾಹೇಬರು ಒಂದು ಕೈಯಿಂದ ಅವನ ಮುಖಕ್ಕೆ ನೀರು ಚಿಮುಕಿಸಿ ಇನ್ನೊಂದು ಕೈಯಿಂದ ನನ್ನ ಕಪಾಳಕ್ಕೆ ಬಿಟ್ಟರು. ಕುಂಬಾರನಿಗೆ ಎಚ್ಚರವಾಯಿತು, ನನಗೂ ಆಯಿತು. ಆತ ಮುಂದೆ ಬಹಳ ದಿನ ಬಾಳಿದ, ಸಂತೆಯಲ್ಲಿ ಸಿಕ್ಕಾಗಲೆಲ್ಲ ನನ್ನ ಕೆನ್ನೆ ನೋಡಿ ನಗುತ್ತಿದ್ದ.

ಪಲ್ಟಣ್ ಸಾಹೇಬರಿಗೆ ಒಂದೇ ಒಂದು ಹೆದರಿಕೆ ಇತ್ತು, ಗಾಳಿಯದು. ನೀರು ಮುಗಿಯುತ್ತ ಬಂದಾಗ ನಳಿಕೆ ಸುಯ್ಯೆಂದು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅವರು ಗಡಬಡಿಸಿ ಬಟ್ಟೆ ಒತ್ತುತ್ತಿದ್ದರು. ಗಾಳಿ ಒಳಹೊಕ್ಕ ರೋಗಿಗಳು ಮೂರು ದಿನದಲ್ಲಿ ಹೊಟ್ಟೆ ಉಬ್ಬಿ ನಂಜೇರಿ ಸತ್ತದ್ದನ್ನು ತಾವು ಕಂಡಿರುವುದಾಗಿ ಹೇಳುತ್ತಿದ್ದರು. ಯಾಕೆ ಹಾಗಾಗುತ್ತದೆ ಎಂದು ಕೇಳಿದರೆ ಅವರಿಗೆ ಗೊತ್ತಿರಲಿಲ್ಲ. ಗಾಳಿಯೇ ವಿಷ ಎಂದು ಬಿಡುತ್ತಿದ್ದರು.

ಪ್ಲೇಗಿನ ಹಾವಳಿ ಸ್ವಲ್ಪ ಇಳಿದ ಮೇಲೆ ಅವರು ಹೋಗಿ ಶ್ರೀನಿವಾಸರಾಯರು ಬಂದರು. ಧಾರವಾಡದ ಕಡೆಯವರು, ಮುಂಬಯಿಯಲ್ಲಿ ಕಲಿತವರು, ಸಣ್ಣ ದನಿ. ಬಂದ ಮೊದಲ ವಾರವೇ ಗೋಡೆಯ ಗೂಟಕ್ಕೆ ಜೋತು ಬಿದ್ದಿದ್ದ ಪಲ್ಟಣ್ ಸಾಹೇಬರ ಹಳೇ ಕೋಟನ್ನು ಕೋಲಿನಿಂದ ಎತ್ತಿ ಒಲೆಗೆ ಹಾಕಿಸಿದರು. ನನ್ನ ಉಗುರು ನೋಡಿದರು, ಕತ್ತರಿಸಿ ಬಾ ಎಂದರು. ಎಲ್ಲ ಸಾಮಾನೂ ಕುದಿಯಬೇಕು, ಪಟ್ಟಿಯೆಲ್ಲ ಕಬ್ಬಿಣದ ಪೆಟ್ಟಿಗೆಯಲ್ಲಿ ಬೇಯಬೇಕು. ಕುಳ್ಳು, ಕಟ್ಟಿಗೆ ಹೊತ್ತು ಹೊತ್ತು ನನ್ನ ಸೊಂಟ ಬಿತ್ತು. ಅಡಿಗೆಯವನಾಗಲು ಬಂದೆನೋ ಡ್ರೆಸರ್ ಆಗಲು ಬಂದೆನೋ ಎಂದು ಕಂಪೌಂಡರನ ಮುಂದೆ ಗೊಣಗುತ್ತಿದ್ದೆ. ಆದರೆ ಗಾಯಗಳು ಕೀವಾಗದೆ ಒಣಗತೊಡಗಿದವು. ಅದನ್ನು ಕಣ್ಣಾರೆ ಕಂಡ ಮೇಲೆ ಗೊಣಗುವುದನ್ನು ಬಿಟ್ಟೆ.

ಹೊಟ್ಟೆಯ ನೀರಿನ ರೋಗಿಗಳಲ್ಲಿ ಹರೆಯದವರನ್ನು ಕಂಡರೆ ರಾಯರು ಸಂಕಟಪಡುತ್ತಿದ್ದರು. ಅದು ಹೊಟ್ಟೆಯ ಪೊರೆಗೆ ಹತ್ತಿದ ಕ್ಷಯವಂತೆ. ನೀರು ತೆಗೆದರೆ ಹದಿನೈದು ದಿನಕ್ಕೆ ಮತ್ತೆ ತುಂಬುತ್ತಿತ್ತು. ಮತ್ತೆ ಚುಚ್ಚಬೇಕು, ಮತ್ತೆ ತುಂಬುತ್ತದೆ, ಕಡೆಗೆ ಮನುಷ್ಯ ಮುಗಿಯುತ್ತಾನೆ. ಒಂದು ದಿನ ಅವರು ಟಪಾಲಿನಲ್ಲಿ ಬಂದ ವೈದ್ಯರ ಪತ್ರಿಕೆ ಹಿಡಿದುಕೊಂಡು ನನ್ನನ್ನೂ ಕರೆದು ಕೂಡಿಸಿಕೊಂಡರು. ನೀರು ತೆಗೆದ ಮೇಲೆ ಅದೇ ನಳಿಕೆಯಿಂದ ಹೊಟ್ಟೆಗೆ ಗಾಳಿ ತುಂಬಿದರೆ ನೀರು ಮತ್ತೆ ಬರುವುದು ಕಡಿಮೆಯಾಗುತ್ತದೆಂದು ಯುರೋಪಿನಲ್ಲಿ ಕೆಲವರು ಕಂಡುಕೊಂಡಿದ್ದರಂತೆ. ಅಷ್ಟೇ ಅಲ್ಲ, ಹಾಗೆ ಗಾಳಿ ತುಂಬಿದ ಹೊಟ್ಟೆಯೊಳಗೆ ದೀಪ ಹಚ್ಚಿದ ನಳಿಕೆ ಇಳಿಸಿ, ಕೀಲಿಯ ಕಿಂಡಿಯಿಂದ ಮನೆಯೊಳಗೆ ನೋಡಿದಂತೆ ಕರುಳನ್ನು ನೋಡುವವರೂ ಇದ್ದಾರಂತೆ. ನಾನು ನಕ್ಕುಬಿಟ್ಟೆ. ಆಮೇಲೆ ಪಲ್ಟಣ್ ಸಾಹೇಬರ ಮಾತು ನೆನಪಾಗಿ, ಗಾಳಿ ವಿಷವಲ್ಲವೇನ್ರಿ ಎಂದು ಕೇಳಿದೆ.

“ಗಾಳಿ ವಿಷ ಅಲ್ಲ ಬಸಪ್ಪಾ,” ಎಂದರು ರಾಯರು. “ಗಾಳಿಯೊಳಗ ಧೂಳದ, ಧೂಳಿನೊಳಗ ಕ್ರಿಮಿ ಅವ. ಅವನ್ನ ಸೋಸಿ ಬರೇ ಗಾಳಿ ಕಳಿಸಬೇಕು. ಹೊಟ್ಟೀ ಒಳಗ ಹೋದದ್ದನ್ನ ತೊಳೀಲಿಕ್ಕೆ ಬರೂದಿಲ್ಲ.”

ಸೋಸುವ ಸಾಧನವನ್ನು ಅವರೇ ಮಾಡಿದರು. ರಬ್ಬರಿನ ಒಂದು ಚೆಂಡು, ಅದನ್ನು ಹಿಚುಕಿದರೆ ಗಾಳಿ ನಳಿಕೆಯ ಕಡೆಗೆ ಮುಂದೆ ಹೋಗುತ್ತದೆ. ನಡುವೆ ಗೇಣುದ್ದದ ಗಾಜಿನ ಕೊಳವೆ, ಅದರ ತುಂಬ ಬಿಗಿಯಾಗಿ ತುರುಕಿದ ಅರಳೆ. ಗಾಳಿ ಆ ಅರಳೆಯನ್ನು ಹಾಯ್ದೇ ಹೊಟ್ಟೆಗೆ ಹೋಗಬೇಕು. ಆ ಅರಳೆಯನ್ನು ಸಿದ್ಧಮಾಡುವುದು ನನ್ನ ಕೆಲಸ. ಮುಂಬಯಿಯಿಂದ ನೀಲಿ ಕಾಗದದಲ್ಲಿ ಬರುತ್ತಿದ್ದ ದವಾಖಾನೆಯ ಅರಳೆಯನ್ನು ಕೊಳವೆಯಲ್ಲಿ ತುಂಬಿ, ಮುಚ್ಚಿದ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಕೆಂಡದ ಮೇಲೆ ಕಾಯಿಸಬೇಕು. ಎಷ್ಟು ಹೊತ್ತು ಎಂದರೆ ಅರಳೆಗೆ ಹುರಿದ ರವೆಯ ಬಣ್ಣ ಬರುವ ತನಕ. ಆ ಬಣ್ಣ ಬಂತೆಂದರೆ ಒಳಗಿನ ಕ್ರಿಮಿಯೆಲ್ಲ ಸತ್ತಿತು ಎಂದು ಅರ್ಥ. ನಮ್ಮಲ್ಲಿ ಬೇರೆ ಅಳತೆ ಇರಲಿಲ್ಲ, ಬಣ್ಣವೇ ಅಳತೆ. ಪ್ರತಿ ಸಲ ಚೆಂಡು ಹಿಡಿಯುವ ಮೊದಲು ರಾಯರು ಒಂದೇ ಪ್ರಶ್ನೆ ಕೇಳುತ್ತಿದ್ದರು: “ಬಣ್ಣ ಬಂದದ?” ನಾನು ಬಂದೈತ್ರಿ ಎನ್ನಬೇಕು.

ಮೊದಲ ರೋಗಿ ಮುನವಳ್ಳಿಯ ರಾಯಪ್ಪ, ಚಕ್ಕಡಿ ಹೊಡೆಯುವವನು. ನಾಲ್ಕು ಸಲ ನೀರು ತೆಗೆಸಿಕೊಂಡಿದ್ದವನು. ಗಾಳಿ ತುಂಬಿದ ಹೊಟ್ಟೆಯನ್ನು ಬೆರಳಿನಿಂದ ತಟ್ಟಿದರೆ ಡೊಳ್ಳಿನ ಹಾಗೆ ಸದ್ದು ಮಾಡಿತು. ರಾಯಪ್ಪ ತಾನೇ ತಟ್ಟಿಕೊಂಡು ನಕ್ಕ. ಎಂಟು ಹತ್ತು ದಿನಗಳಲ್ಲಿ ಗಾಳಿ ಮೈಯಲ್ಲೇ ಕರಗಿಹೋಯಿತು, ನೀರು ಮಾತ್ರ ಮರಳಲಿಲ್ಲ. ಮೂರು ತಿಂಗಳಿಗೆ ಆತ ಎತ್ತು ಹೂಡಿದ. ಹೋದ ಹೋದ ಊರಲ್ಲೆಲ್ಲ ಹೊಟ್ಟೆ ತೋರಿಸಿ ನಮ್ಮ ರಾಯರನ್ನು ಗಾಳಿ ಡಾಕ್ಟರರು ಎಂದು ಹೆಸರು ಮಾಡಿಬಿಟ್ಟ. ಆತನ ನಂತರ ಇನ್ನಿಬ್ಬರಿಗೆ ತುಂಬಿದೆವು, ಅವರೂ ಚೇತರಿಸಿಕೊಂಡರು. ನನಗೆ ಸೊಕ್ಕು ಬಂತು. ರಾಯರು ಬರೇ ಚೆಂಡು ಹಿಚುಕುತ್ತಾರೆ, ಗಾಳಿ ಸೋಸುವವನು ನಾನಲ್ಲವೇ ಎಂದು ಹೆಂಡತಿಯ ಮುಂದೆ ಹೇಳಿಕೊಂಡದ್ದುಂಟು.

ರಾಯಪ್ಪನ ಬಾಯಿಂದ ಕೇಳಿಯೇ ರಾಮದುರ್ಗದ ನೇಕಾರ ಚನ್ನಪ್ಪನವರು ಮಗಳು ಗಂಗವ್ವನನ್ನು ಕರೆತಂದರು. ಹತ್ತೊಂಬತ್ತು ವರ್ಷವಿದ್ದೀತು. ಗಂಡನ ಮನೆಯವರು ಹೊಟ್ಟೆ ದೊಡ್ಡದಾದಾಗ ಮೊದಲು ಸಂತೋಷಪಟ್ಟು, ಅದು ಬಸಿರಲ್ಲ ಬೇನೆ ಎಂದು ತಿಳಿದ ಮೇಲೆ ತವರಿಗೆ ಬಿಟ್ಟುಹೋಗಿದ್ದರು. ತಾಯಿ ಇರಲಿಲ್ಲ. ಗಂಗವ್ವನ ಜೊತೆ ದವಾಖಾನೆಯಲ್ಲಿ ಇದ್ದದ್ದು ಚನ್ನಪ್ಪನವರೊಬ್ಬರೇ. ಮಗಳ ತಲೆ ಬಾಚಿ ಹೆರಳು ಹಾಕುವುದನ್ನೂ ಅವರೇ ಮಾಡುತ್ತಿದ್ದರು.

ಗಂಗವ್ವ ಸುಮ್ಮನೆ ಕೂರುವವಳಲ್ಲ. ಮನೆಯಲ್ಲಿ ತಂದೆಯ ಮಗ್ಗಕ್ಕೆ ರಾಟಿಯ ಮೇಲೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದವಳು. ನಾನು ತೊಳೆದು ಒಣಗಿಸಿದ ಪಟ್ಟಿಗಳನ್ನು ಸುರುಳಿ ಸುತ್ತುವುದನ್ನು ನೋಡಿ ಎರಡು ದಿನ ತಡೆದಳು, ಮೂರನೆಯ ದಿನ ಕೈಚಾಚಿ ಇಸಿದುಕೊಂಡಳು. ಆಕೆ ಸುತ್ತಿದ ಪಟ್ಟಿ ಕಲ್ಲಿನಷ್ಟು ಬಿಗಿ, ಅಂಚು ಒಂದು ಎಳೆ ಆಚೀಚೆ ಇಲ್ಲ. ಇಷ್ಟು ವರ್ಷ ಏನು ಕಲಿತೆನೋ ಎಂದು ನನಗೆ ನಾಚಿಕೆಯಾಯಿತು. ಹೊಟ್ಟೆ ಅಡ್ಡ ಬಂದು ರಾಟಿಯ ಹಿಡಿಕೆ ತನಗೆ ಎಟಕುವುದಿಲ್ಲ, ಗಾಳಿ ಹಾಕಿದ ಮೇಲೆ ಎಟಕುತ್ತದೆಯೇ ಎಂದು ಕೇಳಿದಳು. ಎಟಕುತ್ತದೆ ಎಂದು ನಾನು ಮಾತು ಕೊಟ್ಟೆ.

ನೀರು ತೆಗೆಯುವ ಮುನ್ನಾದಿನ ಮಧ್ಯಾಹ್ನ ನಾನು ಅಂಗಳದಲ್ಲಿ ಅರಳೆ ಕಾಯಿಸಿ ಪೆಟ್ಟಿಗೆ ತೆಗೆದೆ. ಚನ್ನಪ್ಪನವರು ಬೇವಿನ ನೆರಳಲ್ಲಿ ಕುಳಿತು ನೋಡುತ್ತಿದ್ದರು. ಕೊಳವೆಯಲ್ಲಿನ ಕಂದು ಅರಳೆ ಕಂಡದ್ದೇ ಎದ್ದು ಬಂದರು. ಇದು ಏನು, ಎಲ್ಲಿಗೆ ಹಾಕುತ್ತೀರಿ ಎಂದು ಕೇಳಿದರು. ನಾನು ಹೇಳಿದೆ. ಅವರ ಮುಖ ಬಿಳುಚಿತು.

“ಬೆಂಕಿ ತಾಗಿದ ನೂಲು ನಾವು ಮಗ್ಗಕ್ಕ ಏರ್ಸಂಗಿಲ್ರಿ,” ಎಂದರು. “ನಮ್ಮ ಅಪ್ಪ ಏರ್ಸಲಿಲ್ಲ, ನಾನೂ ಏರ್ಸಿಲ್ಲ. ಹೆಣಕ್ಕ ಹೊಚ್ಚು ಅರಿವಿಗೂ ಅದನ್ನ ಹಾಕಂಗಿಲ್ಲ. ಅಂಥಾದ್ರಾಗಿಂದ ಬಂದ ಗಾಳಿ ನನ್ನ ಮಗಳ ಹೊಟ್ಟ್ಯಾಗ ಹ್ವಾದ್ರ ಆಕಿ ಉಳಿತಾಳೇನ್ರಿ?”

ನಾನು ರಾಯರ ಮಾತನ್ನೆಲ್ಲ ಅವರಿಗೆ ಬಿಡಿಸಿ ಹೇಳಿದೆ. ಕ್ರಿಮಿ ಎಂದೆ, ಧೂಳು ಎಂದೆ. ಅವರು ತಲೆ ಅಲ್ಲಾಡಿಸುತ್ತಲೇ ಇದ್ದರು. ಬಿಳಿಯದು, ಮಡಿಯದು ಹಾಕುವುದಾದರೆ ಸರಿ, ಇಲ್ಲವಾದರೆ ಇವತ್ತೇ ಚಕ್ಕಡಿ ಕಟ್ಟಿ ಕರೆದುಕೊಂಡು ಹೋಗುತ್ತೇನೆ ಎಂದರು. ನನ್ನ ಅಪ್ಪನ ವಯಸ್ಸಿನವರು ನನಗೆ ಕೈ ಮುಗಿದು ನಿಂತರು.

ಆಗ ನಾನು ರಾಯರ ಹತ್ತಿರ ಹೋಗಬೇಕಿತ್ತು. ಹೋಗಿದ್ದರೆ ಅವರು ಬಂದು ಒಂದು ತಾಸು ಕುಳಿತು ಆ ಮುದುಕರನ್ನು ಒಪ್ಪಿಸುತ್ತಿದ್ದರು, ಅವರಿಗೆ ಆ ತಾಳ್ಮೆ ಇತ್ತು. ನಾನು ಹೋಗಲಿಲ್ಲ. ಈ ಹುಡುಗಿ ತಿರುಗಿ ಹೋದರೆ ಸಾಯುತ್ತಾಳೆ ಎಂಬ ಕನಿಕರ ಒಂದು. ಇಂಥ ಸಣ್ಣ ಮಾತಿಗೆ ಸಾಹೇಬರೇಕೆ ಎಂಬ ಸೊಕ್ಕು ಇನ್ನೊಂದು. ಮೂರನೆಯದನ್ನೂ ಹೇಳಿಬಿಡುತ್ತೇನೆ. ನಾನು ಹತ್ತಿಯ ಸೀಮೆಯವನು, ಆ ಕಂದು ಅರಳೆಯನ್ನು ಕಂಡರೆ ನನಗೂ ಒಳಗೊಳಗೆ ಹೇಸಿಕೆಯಾಗುತ್ತಿತ್ತು. ನನ್ನ ಟ್ರಂಕಿನಲ್ಲಿ ಅವ್ವ ಕಳಿಸಿದ ಅರಳೆಯ ಗಂಟು ಇತ್ತು. ನಮ್ಮ ಹೊಲದ ಹತ್ತಿ. ಸ್ನಾನ ಮಾಡಿ ಮಡಿಯಲ್ಲಿ ಕುಳಿತು ಬೀಜವನ್ನು ಕೈಯಿಂದಲೇ ಬಿಡಿಸಿ, ಕಸರು ಆರಿಸಿ, ದೇವರ ಹೂಬತ್ತಿಗೆಂದು ಎತ್ತಿಟ್ಟದ್ದು. ಅದಕ್ಕಿಂತ ಸ್ವಚ್ಛವಾದದ್ದು ಈ ಲೋಕದಲ್ಲಿ ಇದೆಯೆಂದರೆ ನಾನು ಆಗ ನಂಬುತ್ತಿರಲಿಲ್ಲ.

ಅದನ್ನು ತಂದು ಚನ್ನಪ್ಪನವರಿಗೆ ತೋರಿಸಿದೆ. ನೇಕಾರರ ಬೆರಳಿನಿಂದ ಎಳೆ ಎಳೆದು ನೋಡಿ ಬಹಳ ಚಲೋ ಐತ್ರಿ ಎಂದರು. ಕಂದು ಅರಳೆ ತೆಗೆದು ಕೊಳವೆಗೆ ಬಿಳಿಯದನ್ನು ಅವರ ಕಣ್ಣೆದುರಿಗೇ ತುಂಬಿದೆ. ಕಾಯಿಸಲಿಲ್ಲ, ಕಾಯಿಸಿದರೆ ಬಣ್ಣ ಬರುತ್ತದಲ್ಲ. ಯಾವಾಗಲೂ ಮಾಡುವಂತೆ ಕೊಳವೆಗೆ ತುದಿಯಿಂದ ತುದಿಗೆ ಬೇಯಿಸಿದ ಬಟ್ಟೆ ಸುತ್ತಿ ಕಟ್ಟಿದೆ, ಒಳಗೇನಿದೆ ಎಂದು ಹೊರಗಿನವರಿಗೆ ಕಾಣುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ರಾಯರು ಕೈತೊಳೆದು ನಿಂತರು. ನೀರು ಸರಾಗವಾಗಿ ಇಳಿಯಿತು. ನಾನು ಪಟ್ಟಿ ಬಿಗಿಯುತ್ತ ಹೋದೆ, ಒಂದು ಎಳೆ ತಪ್ಪಲಿಲ್ಲ. ಗಂಗವ್ವ ಮೇಲಿನ ತೊಲೆ ನೋಡುತ್ತ ಹಲ್ಲು ಕಚ್ಚಿದ್ದಳು. ರಾಯರು ನಳಿಕೆಗೆ ಕೊಳವೆ ಸೇರಿಸುತ್ತ, ಕಣ್ಣನ್ನು ಆಕೆಯ ಮೇಲೇ ಇಟ್ಟು, “ಬಣ್ಣ ಬಂದದ?” ಎಂದರು.

“ಬಂದೈತ್ರಿ,” ಎಂದೆ.

ಎರಡು ದಿನ ಚೆನ್ನಾಗಿದ್ದಳು. ಹೊಟ್ಟೆ ತಟ್ಟಿ ಸದ್ದು ಕೇಳಿ ತಂದೆಗೂ ಕೇಳಿಸಿದಳು. ಮೂರನೆಯ ದಿನ ಚಳಿ ಬಂತು, ಹಿಂದೆಯೇ ಜ್ವರ. ಹೊಟ್ಟೆ ಹಲಗೆಯಾಯಿತು, ಬೆರಳು ಮುಟ್ಟಗೊಡಲಿಲ್ಲ. ವಾಂತಿ ಹಸಿರಾಯಿತು. ರಾಯರು ಮನೆಗೆ ಹೋಗದೆ ಅಲ್ಲೇ ಉಳಿದರು. ಶಾಖ ಕೊಟ್ಟರು, ಹೊಟ್ಟೆಯೊಳಗಿನ ಗಾಳಿಯನ್ನು ಮತ್ತೆ ಚುಚ್ಚಿ ತೆಗೆದರು, ಅದರ ವಾಸನೆಗೆ ಇಬ್ಬರೂ ಮುಖ ಮುಖ ನೋಡಿದೆವು. ಇಂಥ ನಂಜಿಗೆ ಆ ಕಾಲದಲ್ಲಿ ಔಷಧವಿರಲಿಲ್ಲ. ನಾಲ್ಕನೆಯ ದಿನ ನಾನು ಹಣೆಯ ಮೇಲಿನ ಬಟ್ಟೆ ಬದಲಿಸುವಾಗ ಆಕೆ ನನ್ನ ಮಣಿಕಟ್ಟು ಹಿಡಿದಳು.

“ಅಣ್ಣಾರ,” ಎಂದಳು, “ನೀರ ತಗದ್ರಿ, ಚಲೋ ಆತು. ಈಗ ಒಳಗ ಬೆಂಕಿ ಯಾಕ ಇಟ್ಟೀರಿ?”

ನಾನು ಆ ಬಟ್ಟೆಯನ್ನು ಮತ್ತೆ ತಣ್ಣೀರಿಗೆ ಅದ್ದಿದೆ. ಐದನೆಯ ದಿನ ಮಧ್ಯಾಹ್ನ ಆಕೆ ಹೋದಳು. ಚನ್ನಪ್ಪನವರು ಅಳಲಿಲ್ಲ, ಮಗಳ ತಲೆಯನ್ನು ಕಡೆಯ ಸಲ ಬಾಚಿದರು. ಹೆರಳು ಹಾಕುವ ತನಕ ಚಕ್ಕಡಿಯವನು ಹೊರಗೆ ಕಾದ. ನಾನು ಹಿತ್ತಲಿಗೆ ಹೋಗಿ ಕುಳಿತೆ. ನನ್ನ ಕೈಯಾರೆ ಒಂದು ಜೀವ ತೆಗೆದೆ ಎಂಬುದು ಅಲ್ಲಿ ಕುಳಿತಾಗಲೇ ನನಗೆ ಗೊತ್ತಾಗಿತ್ತು. ಅದೇ ಕಾರಣವೆಂದು ಪ್ರಮಾಣ ಮಾಡಲು ಬರುವುದಿಲ್ಲ, ಬೇರೆ ಏನಾದರೂ ಇದ್ದೀತು ಎಂದು ಪೆನ್ಶನ್ ಆದ ಮೇಲೆ ನಾನು ಬಾಯಿಬಿಟ್ಟ ಒಬ್ಬಿಬ್ಬರು ಸಮಾಧಾನ ಹೇಳಿದ್ದಾರೆ. ಆದರೆ ಹೊಲದ ಮಣ್ಣಿನ ಧೂಳು ಕಣ್ಣಿಗೆ ಕಾಣದಂತೆ ಎಳೆ ಎಳೆಯಲ್ಲೂ ಇರುತ್ತದೆ. ಬಿಳುಪು ಬೇರೆ, ಶುದ್ಧಿ ಬೇರೆ. ಇದನ್ನು ನಾನು ಕಲಿತದ್ದು ಆಕೆಯ ಹೊಟ್ಟೆಯಿಂದ.

ರಾಯರು ಮಾರನೆಯ ದಿನ ಎಲ್ಲವನ್ನೂ ಮೇಜಿನ ಮೇಲೆ ಹರಡಿ ಕುಳಿತರು. ನಳಿಕೆ, ಚೆಂಡು, ಕುದಿಸಿದ ಪಾತ್ರೆ, ತಮ್ಮ ಎರಡು ಕೈ. ಒಂದೊಂದನ್ನೇ ನೋಡುತ್ತ ಹೋದರು. ಕೊಳವೆಯನ್ನು ನಾನು ಆಗಲೇ ತೊಳೆದು ಖಾಲಿ ಮಾಡಿದ್ದೆ. ಅರಳೆ ಸರಿ ಇತ್ತೇ ಎಂದು ಕೇಳಿದರು. ಬಣ್ಣ ಬಂದಿತ್ತು ಎಂದು ಎರಡನೆಯ ಸಲವೂ ಸುಳ್ಳು ಹೇಳಿದೆ. ಅವರು ನನ್ನನ್ನು ಅನುಮಾನದಿಂದ ನೋಡಿದ್ದರೆ ಬಾಯಿ ಬಿಡುತ್ತಿದ್ದೆನೇನೋ. ಅವರು ನನ್ನನ್ನು ನಂಬಿದರು. ತಪ್ಪು ತಮ್ಮ ಕೈಯದು, ಇಂಥ ಕೆಲಸ ನಮ್ಮಂಥ ಸಣ್ಣ ದವಾಖಾನೆಗೆ ಹೇಳಿದ್ದಲ್ಲ ಎಂದು ತೀರ್ಮಾನಿಸಿ, ಕೊಳವೆ, ಚೆಂಡುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅವತ್ತಿನಿಂದ ಅವರ ನಗು ಕಡಿಮೆಯಾಯಿತು. ಟ್ರೋಕಾರ್ ಹಿಡಿಯುವ ಮೊದಲು ಕೈಯನ್ನು ಚರ್ಮ ಕಿತ್ತು ಹೋಗುವಂತೆ ಉಜ್ಜಿಕೊಳ್ಳುತ್ತಿದ್ದರು. ನಾನು ನೀರು ಹೊಯ್ಯುತ್ತ ನಿಲ್ಲುತ್ತಿದ್ದೆ.

ಕೆಲಸಕ್ಕೆ ಸೇರುವವರೇ, ತಪ್ಪು ಎಲ್ಲರಿಂದಲೂ ಆಗುತ್ತದೆ. ತಪ್ಪನ್ನು ಮುಚ್ಚಿಡುವುದಿದೆಯಲ್ಲ, ಅದರ ಲೆಕ್ಕ ಬೇರೆ. ಮರುವರ್ಷ ರಾಯಪ್ಪ ತನ್ನ ತಮ್ಮನನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ಬಂದ. ಅದೇ ಬೇನೆ, ಅದೇ ಹೊಟ್ಟೆ. ಅಣ್ಣನಿಗೆ ಆದದ್ದು ತನಗೂ ಆಗುತ್ತದೆಂದು ಆ ಹುಡುಗ ನಗುತ್ತಲೇ ಬಂದಿದ್ದ. ರಾಯರು ನೀರು ಮಾತ್ರ ತೆಗೆದರು. ಗಾಳಿ ಹಾಕುವುದನ್ನು ಬಿಟ್ಟಿದ್ದೇವೆ ಎಂದರು. ರಾಯಪ್ಪ ಅವರ ಕಾಲು ಹಿಡಿದ. ಅವರು ಮುಖ ತಿರುಗಿಸಿ ಒಳಗೆ ಹೋದರು. ಆತ ನನ್ನನ್ನು ಬಾಗಿಲ ಸಂದಿಗೆ ನಿಲ್ಲಿಸಿ ಕೇಳಿದ: “ನನಗ ಹಾಕಿ ಬದುಕಿಸಿದ್ರಿ. ಇವ ಏನ್ ತಪ್ಪ ಮಾಡ್ಯಾನ್ರಿ ಬಸಪ್ಪನೋರ?”

ಏಳು ಸಲ ಆ ಹುಡುಗನ ನೀರು ತೆಗೆದೆವು. ಎಂಟನೆಯ ಸಲಕ್ಕೆ ಅವನು ಬರಲಿಲ್ಲ. ಆಮೇಲೆ ರಾಯಪ್ಪನ ಚಕ್ಕಡಿ ದವಾಖಾನೆಯ ದಾರಿ ಬಿಟ್ಟು ಹೊಲದ ದಾರಿ ಹಿಡಿದು ಹೋಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅವನೊಬ್ಬನೇ ಅಲ್ಲ. ಗಾಳಿ ಡಾಕ್ಟರರ ಹೆಸರು ಕೇಳಿ ಬಂದು ಸುಮ್ಮನೆ ತಿರುಗಿ ಹೋದ ಇನ್ನೂ ಎಷ್ಟೋ ಮುಖಗಳು ನೆನಪಿವೆ. ಎಲ್ಲರೂ ಬದುಕುತ್ತಿದ್ದರು ಎನ್ನಲಾರೆ. ಕೆಲವರಾದರೂ ಬದುಕುತ್ತಿದ್ದರು. ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು, ನೌಕರಿ ಹೋದೀತೆಂಬ ಹೆದರಿಕೆಗೆ ಅದನ್ನು ನುಂಗಿಕೊಂಡೆ.

ಜರ್ಮನಿಯ ಯುದ್ಧ ನಡೆದಿದ್ದಾಗ ರಾಯರಿಗೆ ವರ್ಗವಾಯಿತು. ಸಾಮಾನು ಕಟ್ಟಿ ಟಾಂಗಾಕ್ಕೆ ಹೇರಿ ಆಗಿತ್ತು. ಅವರು ಕಪಾಟಿನ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟಾಗ ನನ್ನಿಂದ ತಡೆಯಲಾಗಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಚನ್ನಪ್ಪನವರ ಮಾತು, ಅವ್ವನ ಅರಳೆ, ಎರಡು ಸುಳ್ಳು. ಬೈದಾರು, ಹೊಡೆದಾರು ಎಂದು ಕಾದೆ. ಪಲ್ಟಣ್ ಸಾಹೇಬರಾಗಿದ್ದರೆ ಕಪಾಳಕ್ಕೆ ಬಿಟ್ಟು ಮುಗಿಸುತ್ತಿದ್ದರು. ರಾಯರು ಟಾಂಗಾದ ಮೆಟ್ಟಿಲ ಮೇಲೆ ಕುಳಿತರು.

“ಗಂಗವ್ವನ ಸಲುವಾಗಿ ನಿನ್ನ ಕ್ಷಮಿಸಲಿಕ್ಕೆ ಬರ್ತದ ಬಸಪ್ಪಾ,” ಎಂದರು ಕಡೆಗೆ. “ನೀ ಆಕೀನ್ನ ಉಳಸಬೇಕಂತ ಮಾಡಿದಿ. ಆಮ್ಯಾಲೆ ನಾ ತಿರುಗಿ ಕಳಿಸಿದೆನಲ್ಲ, ಅವರ ಸಲುವಾಗಿ ಯಾರನ್ನ ಕ್ಷಮಿಸಲಿ? ನಿನ್ನನ್ನೋ, ನನ್ನನ್ನೋ?” ಆಮೇಲೆ ಎದ್ದು, ಚನ್ನಪ್ಪನವರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳು, ಅವರಿಗೆ ತಿಳಿಯುವ ಹಕ್ಕಿದೆ ಎಂದರು. ಮತ್ತೆ ನನ್ನ ಕಡೆ ನೋಡಲಿಲ್ಲ. ಟಾಂಗಾ ಹೋಯಿತು. ಅವರನ್ನು ಮತ್ತೆ ಕಾಣುವುದು ನನ್ನ ಹಣೆಯಲ್ಲಿ ಬರೆದಿರಲಿಲ್ಲ.

ಆ ಮಾತನ್ನು ನಡೆಸಲು ನನಗೆ ಪೆನ್ಶನ್ ಆಗುವ ತನಕ ಧೈರ್ಯ ಬರಲಿಲ್ಲ. ಬಂದದ್ದು ಧೈರ್ಯವೂ ಅಲ್ಲ, ನೌಕರಿ ಮುಗಿದಿತ್ತು, ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. ರಾಮದುರ್ಗದ ನೇಕಾರರ ಓಣಿಯಲ್ಲಿ ಚನ್ನಪ್ಪನವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವರು ಈಗ ತೀರಿಹೋಗಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿರುವುದು. ನಾನು ಹೋದಾಗ ಹಗಲು ಹನ್ನೊಂದರ ಬಿಸಿಲು. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತಿದ್ದರು. ನೇಯ್ಗೆ ಈಗ ಅಣ್ಣನ ಮಗನದು, ತಾನು ಸುಮ್ಮನೆ ಕಾಲು ಇಳಿಬಿಡುವುದು ಮಾತ್ರ ಎಂದು ನಕ್ಕರು. ಕಣ್ಣು ಮಂಜಾಗಿದ್ದವು, ಆದರೆ ದನಿ ಕೇಳಿದ್ದೇ ಗುರುತು ಹಿಡಿದರು. ಕೈಗೆ ಸಿಕ್ಕಿದ್ದನ್ನು ಆಸರೆ ಮಾಡಿಕೊಂಡು ಮೇಲೆ ಬಂದು ಚಾಪೆ ಹಾಸಿದರು, ಬೆಲ್ಲ ನೀರು ತರಿಸಿದರು.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ನಾನು ನಿಮ್ಮ ಮಗಳ ವಿಷಯ ಹೇಳಲು ಬಂದೆ ಎಂದು ಸುರುಮಾಡಿದೆ. ಅವರು ಕೈ ಎತ್ತಿ ತಡೆದರು.

“ನಾನ ನಿಮ್ಮನ್ನ ನೆನಸಾಕತ್ತಿದ್ದೆ ನೋಡ್ರಿ,” ಎಂದರು. “ಕೂಸು ಹ್ವಾದ ಮ್ಯಾಲೆ ಮಂದಿ ಏನೇನರ ಅಂದ್ರು. ದವಾಖಾನಿಗೆ ಒಯ್ಯಬಾರದಿತ್ತು ಅಂದ್ರು. ನಾ ಯಾರ ಮಾತೂ ಹಚ್ಚಿಕೊಳ್ಳಲಿಲ್ಲ. ನನಗ ಒಂದ ಸಮಾಧಾನ ಐತ್ರಿ. ಕೈ ಮುಗದ ಕೇಳಿದ್ದೆ, ನೀವು ನನ್ನ ಮಾತು ನಡಿಸಿದ್ರಿ. ನನ್ನ ಮಗಳ ಹೊಟ್ಟಿಗೆ ಸುಟ್ಟದ್ದು ಸೋಂಕಲಿಲ್ಲ. ತಾಯಿ ಇಲ್ಲದ ಕೂಸಿಗೆ ಅಪ್ಪ ಅಂತ ಅಷ್ಟಾರ ಮಾಡಿದೆ.”

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ತಪ್ಪು ನನ್ನ ತಲೆಯಿಂದ ಇಳಿಯುವುದಿಲ್ಲ, ಅರ್ಧ ಅವರ ತಲೆಯ ಮೇಲೂ ಏರುತ್ತದೆ. ಬಿಳಿಯದು ಹಾಕಿ ಎಂದವರು ಅವರು. ಇಷ್ಟು ವರ್ಷ ಅವರನ್ನು ಎತ್ತಿ ಹಿಡಿದದ್ದು ಯಾವುದೋ, ಅದೇ ಮಗಳನ್ನು ಕೊಂದದ್ದು ಎಂದು ಆ ಮಂಜುಗಣ್ಣಿನ ಮುದುಕರಿಗೆ ಹೇಳಲು ನನಗೆ ಯಾವ ಅಧಿಕಾರವಿತ್ತು? ರಾಯರು ಹಕ್ಕು ಎಂದಿದ್ದರು. ರಾಯರು ಅವತ್ತಿನ ಆ ಮುಖವನ್ನು ನೋಡಿರಲಿಲ್ಲ.

ನಾನು ಸುಮ್ಮನಿದ್ದುದಕ್ಕೆ ಅವರಿಗೆ ಅನುಮಾನ ಬಂದಿರಬೇಕು. ಚಾಪೆಯ ಮೇಲೆ ಕೈಯಾಡಿಸಿ ನನ್ನ ಕೈ ಹುಡುಕಿಕೊಂಡರು. “ಬಿಳೀದ ಹಾಕಿದ್ರಿ, ಹೌದಲ್ರಿ?” ಎಂದರು.

“ಹೌದ್ರಿ ಯಜಮಾನ್ರ,” ಎಂದೆ. “ಬಿಳೀದ ಹಾಕಿದ್ದೆ.”

ಅವರು ನನ್ನ ಎರಡೂ ಕೈಗಳನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡರು. ನಾನು ಬಿಡಿಸಿಕೊಳ್ಳಲಿಲ್ಲ.